ದೂರುಗಳು: ಶೂನ್ಯ

ನಮ್ಮ ವಿಶ್ವವಿದ್ಯಾಲಯಗಳಿಗೆ ಸಮಾನತೆ ನೆನಪಾಗುವುದು ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬರುವ ಹಿಂದಿನ ವಾರ. ಗೋಡೆಗೆ ಸುಣ್ಣ, ಗಿಡದ ಬುಡಕ್ಕೆ ಕೆಮ್ಮಣ್ಣು, ನೋಟಿಸ್ ಬೋರ್ಡಿಗೆ ಸಾಮಾಜಿಕ ನ್ಯಾಯ. ನ್ಯಾಕಿನ ಏಳನೆಯ ಮಾನದಂಡದಲ್ಲಿ ಎಲ್ಲರನ್ನೂ ಒಳಗೊಳ್ಳುವುದಕ್ಕೂ ಅಂಕ ಇದೆಯಲ್ಲ! ಅಂಕ ಇದ್ದ ಕಡೆ ನಮ್ಮ ಕುಲಪತಿಗಳಿಗೆ ಆತ್ಮಸಾಕ್ಷಿಯೂ ಇರುತ್ತದೆ.

ಹಾಗೆ ರಾತ್ರೋರಾತ್ರಿ ಎದ್ದ ಒಂದು ರ‍್ಯಾಂಪ್ ನೋಡಿದ್ದೇನೆ. ಗಾಲಿಕುರ್ಚಿ ಸಲೀಸಾಗಿ ಹತ್ತುತ್ತದೆ. ಹತ್ತಿದ ಮೇಲೆ ಬಾಗಿಲಿಗೆ ಎರಡು ಮೆಟ್ಟಿಲು. ವರದಿಗೆ ಅಂಟಿಸಿದ ಫೋಟೊವನ್ನು ಕೆಳಗೆ ನಿಂತು ತೆಗೆದಿದ್ದರು, ಮೆಟ್ಟಿಲು ಕಾಣುತ್ತಿರಲಿಲ್ಲ. ಜಾಣರು.

ಅದೇ ಕಟ್ಟಡದಲ್ಲಿ ‘ಸಮಾನ ಅವಕಾಶ ಕೋಶ’ ಎಂಬ ಹಿತ್ತಾಳೆ ಫಲಕ. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಹಳೆಯ ಉತ್ತರಪತ್ರಿಕೆಗಳ ಬಂಡಲು, ಕೈ ಮುರಿದ ಕುರ್ಚಿ, ಯಾವುದೋ ಘಟಿಕೋತ್ಸವದ ಬ್ಯಾನರ್. ಬೀಗದ ಕೈ ಯಾರ ಹತ್ತಿರ ಎಂದು ಅಟೆಂಡರನ್ನು ಕೇಳಿದೆ. ‘ಸಾಹೇಬ್ರ ಹತ್ರ ಐತ್ರಿ.’ ಯಾವ ಸಾಹೇಬರು? ‘ರಿಟೈರ್ ಆದ್ರಲ್ರೀ, ಅವರು.’

ಈ ಕೋಶ ಯಾರೋ ದಯೆ ತೋರಿ ಕೊಟ್ಟದ್ದಲ್ಲ. ಜಾತಿ, ಧರ್ಮ, ಲಿಂಗ, ಅಂಗವೈಕಲ್ಯದ ಹೆಸರಿನಲ್ಲಿ ತಾರತಮ್ಯ ಮಾಡಬಾರದು ಎಂದು ಯುಜಿಸಿ 2012ರಲ್ಲೇ ನಿಯಮ ಮಾಡಿದೆ. ಪ್ರತಿ ಸಂಸ್ಥೆಯಲ್ಲೂ ಒಂದು ಕೋಶ, ಒಬ್ಬ ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು. ಅಧಿಕಾರಿ ಇರುತ್ತಾರೆ. ಅವರೂ ಪ್ರಾಧ್ಯಾಪಕರೇ. ದೂರು ಯಾರ ಮೇಲೋ ಅವರ ಜೊತೆ ಅಧ್ಯಯನ ಮಂಡಳಿಯಲ್ಲಿ ಪಕ್ಕದ ಕುರ್ಚಿ, ಸಂಜೆ ಅದೇ ಕ್ಯಾಂಟೀನಿನಲ್ಲಿ ಪಕ್ಕದ ಟೇಬಲ್ಲು. ಹೋಗಿ ಹೇಳಿಕೊಳ್ಳಪ್ಪ ನಿನ್ನ ಕಷ್ಟ!

ಹಾಗಾಗಿ ವಾರ್ಷಿಕ ವರದಿಯಲ್ಲಿ ‘ದೂರುಗಳು: ಶೂನ್ಯ’ ಎಂದು ಬರುತ್ತದೆ. ಅದನ್ನೇ ಸಾಧನೆ ಎಂದು ವೇದಿಕೆಯಲ್ಲಿ ಓದುತ್ತಾರೆ. ಚಪ್ಪಾಳೆಯೂ ಬೀಳುತ್ತದೆ.

ಪಿಎಚ್‌.ಡಿ. ಮಾಡುವವರ ಲೋಕದಲ್ಲಿ ಸಂವಿಧಾನಕ್ಕಿಂತ ದೊಡ್ಡದು ಗೈಡ್ ಸಹಿ. ಪ್ರಗತಿ ವರದಿಗೆ ಸಹಿ, ಹಾಜರಾತಿಗೆ ಸಹಿ, ಫೆಲೋಶಿಪ್ ಬಿಲ್ಲಿಗೆ ಸಹಿ, ಸಿನಾಪ್ಸಿಸ್ಸಿಗೆ ಸಹಿ. ಆ ಸಹಿಗಾಗಿ ಹುಡುಗ ಗುರುಗಳ ಮನೆಯ ಕರೆಂಟ್ ಬಿಲ್ ಕಟ್ಟುತ್ತಾನೆ, ಸಿಲಿಂಡರ್ ಹೊರುತ್ತಾನೆ, ಅವರ ಮಗಳ ಮದುವೆಯ ಲಗ್ನಪತ್ರಿಕೆ ಹಂಚುತ್ತಾನೆ. ‘ನೀನು ನಮ್ಮನೆ ಹುಡುಗ ಇದ್ದ ಹಾಗೆ ಕಣಯ್ಯ’ ಎನ್ನುತ್ತಾರೆ ಗುರುಗಳು. ಮನೆ ಹುಡುಗನಿಗೆ ಕಾಫಿ ಮಾತ್ರ ಜಗುಲಿಯಲ್ಲಿ, ಪೇಪರ್ ಲೋಟದಲ್ಲಿ.

ಇದೇ ಗುರುಗಳು ಬಸವ ಜಯಂತಿಗೆ ಮುಖ್ಯ ಭಾಷಣಕಾರರು. ಅಂಬೇಡ್ಕರ್ ಜಯಂತಿಗೆ ಅಧ್ಯಕ್ಷತೆ. ವಿಶ್ವಮಾನವ ದಿನಕ್ಕೆ ಸಮಾರೋಪ. ಜಾತಿ ವಿನಾಶದ ಮೇಲೆ ಅವರದೇ ಪುಸ್ತಕವೂ ಇದೆ, ಅದರ ಪ್ರೂಫ್ ತಿದ್ದಿದ್ದು ಜಗುಲಿಯ ಹುಡುಗ.

ಜಾತಿ ಕೇಳುವುದಿಲ್ಲ ನಾವು ಎನ್ನುತ್ತಾರೆ. ನಿಜ, ಕೇಳುವುದಿಲ್ಲ. ಪಿಎಚ್‌.ಡಿ. ಪ್ರವೇಶದ ಸಂದರ್ಶನದಲ್ಲಿ ಊರು ಯಾವುದು ಎನ್ನುತ್ತಾರೆ. ಊರಲ್ಲಿ ಮನೆ ಎಲ್ಲಿ ಬರುತ್ತದೆ? ಅಪ್ಪ ಏನು ಮಾಡುತ್ತಾರೆ? ಅಷ್ಟಕ್ಕೂ ಗೊತ್ತಾಗದಿದ್ದರೆ ಮನೆದೇವರು. ಭಾಷಾವಿಜ್ಞಾನದ ಸೀಟಿಗೂ ಮನೆದೇವರಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಯಾರಿಗಿದೆ? 100ಕ್ಕೆ 30 ಅಂಕ ಅವರ ಕೈಯಲ್ಲಿದೆ. ಹೆಣ್ಣುಮಕ್ಕಳಿಗೆ ಇನ್ನೊಂದು ಪ್ರಶ್ನೆ ಹೆಚ್ಚು: ‘ಮದುವೆ ಯಾವಾಗಮ್ಮ?’ ಯುಜಿಸಿಯ 2022ರ ನಿಯಮ ಸಂಶೋಧನಾರ್ಥಿಗೆ 240 ದಿನಗಳ ಹೆರಿಗೆ ರಜೆ ಕೊಟ್ಟಿದೆ. ಆ ರಜೆ ಬೇಕಾಗದವರನ್ನು ಆರಿಸುವ ವಿಧಾನವನ್ನು ವಿಭಾಗಗಳು ತಾವೇ ಕಂಡುಕೊಂಡಿವೆ.

ಇದು ನಮ್ಮ ಸಣ್ಣ ಊರುಗಳ ರೋಗ ಎಂದುಕೊಳ್ಳಬೇಡಿ. ಕ್ರಾಂತಿಗೆ ಹೆಸರಾದ ಜೆಎನ್‌ಯುವಿನಲ್ಲೇ ಅಬ್ದುಲ್ ನಫೆ ಸಮಿತಿ 2016ರಲ್ಲಿ ಲಿಖಿತ ಪರೀಕ್ಷೆಯ ಅಂಕವನ್ನೂ ಮೌಖಿಕದ ಅಂಕವನ್ನೂ ಪಕ್ಕಪಕ್ಕ ಇಟ್ಟು ನೋಡಿತು. ತಾರತಮ್ಯದ ಗುರುತು ಅಲ್ಲೂ ಸಿಕ್ಕಿತು.

ಇನ್ನು ದುಡ್ಡು. ಒಳಗೆ ಬಂದವರನ್ನು ಹೊರಗೆ ಕಳಿಸಲು ಬಯ್ಯಬೇಕಾಗಿಲ್ಲ, ಫೆಲೋಶಿಪ್ ತಡೆದರೆ ಸಾಕು. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾರ್ಥಿ ರೋಹಿತ್ ವೇಮುಲ 2016ರ ಜನವರಿ 17ರಂದು ತೀರಿಕೊಂಡಾಗ ಅವನಿಗೆ ಏಳು ತಿಂಗಳ ಫೆಲೋಶಿಪ್ ಬಾಕಿ ಇತ್ತು. ಹಾಸ್ಟೆಲ್ಲಿನಿಂದಲೂ ಹೊರಗೆ ಹಾಕಿದ್ದರು. ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೂ ಸಂಶೋಧನಾರ್ಥಿಗಳು ಬಾಕಿ ಫೆಲೋಶಿಪ್ಪಿಗಾಗಿ ಧರಣಿ ಕೂತವರೇ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಪರೀಕ್ಷೆ ಪಾಸಾಗದ ಸಂಶೋಧನಾರ್ಥಿಗಳಿಗೆ ಸಿಗುತ್ತಿದ್ದ ತಿಂಗಳ 8,000 ರೂಪಾಯಿಯೂ ಹೆಚ್ಚಾಯಿತು ಎನ್ನಿಸಿ 2015ರಲ್ಲಿ ಅದನ್ನು ನಿಲ್ಲಿಸಲು ಹೊರಟರು. ಹುಡುಗರು ದೆಹಲಿಯ ಯುಜಿಸಿ ಕಚೇರಿ ಮುಂದೆ ಕೂತು ಲಾಠಿ ತಿಂದು ಉಳಿಸಿಕೊಂಡರು. ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್ ಅಷ್ಟು ಪುಣ್ಯ ಮಾಡಿರಲಿಲ್ಲ. 2009ರಲ್ಲಿ ಬಂತು, 2022ರಲ್ಲಿ ಹೋಯಿತು. ಬೇರೆ ಯೋಜನೆಗಳೂ ಇವೆಯಲ್ಲ ಎಂಬುದು ಸರ್ಕಾರದ ಸಮಾಧಾನ.

ಸರ್ಕಾರದ ಸಮಾಧಾನಗಳ ಸಂಗ್ರಹವನ್ನೇ ಯಾರಾದರೂ ತರಬೇಕು. ಐದು ವರ್ಷಗಳಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ, ಐಐಎಂಗಳನ್ನು ಬಿಟ್ಟುಹೋದ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು 13,500ಕ್ಕೂ ಹೆಚ್ಚು ಎಂದು 2023ರ ಡಿಸೆಂಬರಿನಲ್ಲಿ ಲೋಕಸಭೆಗೇ ಹೇಳಿದರು. ಕಾರಣ? ಅವರಿಗೆ ಬೇಕಾದಷ್ಟು ಆಯ್ಕೆಗಳಿರುತ್ತವೆ, ಬೇರೆ ಸಂಸ್ಥೆಗೋ ಬೇರೆ ಕೋರ್ಸಿಗೋ ಹೋಗುತ್ತಾರಂತೆ. ಆಹಾ! ಆಯ್ಕೆ ಜಾಸ್ತಿಯಾಗಿ ಓದು ಬಿಟ್ಟವರು.

ಬಿಡದೆ ಕಚ್ಚಿಕೊಂಡವರ ಕಡೆಯ ಪರೀಕ್ಷೆ ವೈವಾ. ಪ್ರಬಂಧದ ಚರ್ಚೆ ಅರ್ಧ ಗಂಟೆ, ಊಟದ ಚರ್ಚೆ ಒಂದು ವಾರ. ಹೊರಗಿನ ಪರೀಕ್ಷಕರಿಗೆ ರೂಮು, ಕಾರು, ಮೈಸೂರು ಪೇಟ, ಶಾಲು, ಅವರ ಶ್ರೀಮತಿಯವರಿಗೆ ಸೀರೆ. ವಿಭಾಗಕ್ಕೆಲ್ಲ ಹೋಳಿಗೆ ಊಟ. ಖರ್ಚು ಯಾರದು ಎಂದು ಯಾರೂ ಕೇಳುವುದಿಲ್ಲ, ಹುಡುಗನ ಅವ್ವ ಸಂಘದಲ್ಲಿ ಎತ್ತಿದ ಸಾಲ ಎಂದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿರುವವರು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಾರೆ. ವಿಚಿತ್ರ ಎಂದರೆ ಪಂಕ್ತಿಭೇದದ ಮೇಲೆ ಬರೆದ ಪ್ರಬಂಧಕ್ಕೂ ಇದೇ ಏರ್ಪಾಡು.

ಮಗನನ್ನು ಕಳೆದುಕೊಂಡ ರಾಧಿಕಾ ವೇಮುಲ, ಮುಂಬೈಯಲ್ಲಿ ಸ್ನಾತಕೋತ್ತರ ವೈದ್ಯಕೀಯ ಓದುತ್ತಿದ್ದ ಮಗಳು ಪಾಯಲ್‌ಳನ್ನು ಕಳೆದುಕೊಂಡ ಆಬಿದಾ ತಡ್ವಿ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರು ಹೊಸದೇನೂ ಕೇಳಲಿಲ್ಲ. ಇರುವ ನಿಯಮ ಜಾರಿಯಾಗಲಿ ಎಂದರು. ಯುಜಿಸಿ ಆರು ವರ್ಷ ಯೋಚಿಸಿ 2026ರ ಜನವರಿಯಲ್ಲಿ ಹೊಸ ನಿಯಮ ಹೊರಡಿಸಿತು. ತಗೊಳ್ಳಿ, 2012ರಿಂದ ಗೊರಕೆ ಹೊಡೆಯುತ್ತಿದ್ದವರೆಲ್ಲ ಒಂದೇ ಏಟಿಗೆ ಎದ್ದರು. ದುರ್ಬಳಕೆ, ದುರ್ಬಳಕೆ ಎಂಬ ಕೂಗು. ಗೈಡ್ ಸಹಿ ಇಷ್ಟು ವರ್ಷ ಸದ್ಬಳಕೆಯಾಗುತ್ತಿತ್ತು ನೋಡಿ!

ತಿಂಗಳು ಮುಗಿಯುವುದರೊಳಗೆ ತಡೆಯಾಜ್ಞೆ ಬಂತು. ಸದ್ಯಕ್ಕೆ 2012ರ ನಿಯಮವೇ ಮುಂದುವರಿಯಲಿ ಎಂದಿದೆ ಕೋರ್ಟು. ಮುಂದುವರಿಯಲಿ, ಅದಕ್ಕೇನು. ಶುರುವಾಗಿದ್ದು ಯಾವಾಗ ಅಂತ ಒಂಚೂರು ಹೇಳಿ.