ಒಂದೇ ದವಡೆಯ ಶೆಟ್ರು

ಬೆಳಿಗ್ಗೆ ಎಂಟರ ಹೊತ್ತಿಗೆ ದಿವಾ ಸ್ಟೇಷನ್ನಿನಲ್ಲಿ ನಮ್ಮ ಶೆಟ್ರನ್ನು ನೋಡಬೇಕು. ಕಲ್ಯಾಣದಿಂದಲೇ ತುಂಬಿ ಬಂದ ಲೋಕಲ್ಲು ನಿಲ್ಲುವುದರೊಳಗೆ ಬ್ಯಾಗನ್ನು ಎದೆಗೆ ತಿರುಗಿಸಿ, ಬಾಗಿಲಲ್ಲಿ ಅರ್ಧ ಪಾದಕ್ಕೆ ಜಾಗ ಮಾಡಿಕೊಂಡು ಠಾಣೆಯ ಹೋಟೆಲಿಗೆ ಹೊರಟೇಬಿಡುತ್ತಾರೆ. ದಿವಾದಲ್ಲಿ ಫಾಸ್ಟ್ ಗಾಡಿ ನಿಲ್ಲತೊಡಗಿದ್ದೇ 2016ರ ಡಿಸೆಂಬರಿನಲ್ಲಿ; ಅದಕ್ಕೂ ಹಿಂದಿನಿಂದ ನೇತಾಡಿಕೊಂಡೇ ಸಂಸಾರ ಸಾಕಿದ ಗಂಡಸು.

ಇಂಥವರು ಹೆದರುವುದು ಒಂದೇ ಒಂದು ಕುರ್ಚಿಗೆ. ಹಿಂದಕ್ಕೆ ವಾಲುತ್ತದಲ್ಲ, ಪಕ್ಕದಲ್ಲಿ ಉಗುಳಲಿಕ್ಕೆ ಪುಟ್ಟ ಬೇಸಿನ್ ಇರುತ್ತದಲ್ಲ, ಅದಕ್ಕೆ.

"ನೋವಿಗೆ ನಾನು ಹೆದರುವ ಜನವಲ್ಲ ಮಾರಾಯ್ರೆ" ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಬಲಗಡೆಯ ಕೆಳದವಡೆಯ ನೋವನ್ನು ವರ್ಷಗಟ್ಟಲೆ ಲವಂಗದೆಣ್ಣೆ ಹಚ್ಚಿ ಸಾಕಿದ್ದಾರೆ. "ಆದ್ರೆ ಬಾಯಿ ತೆರೆಸಿ ಮಲಗಿಸ್ತಾರಲ್ಲ, ಆಮೇಲೆ ಬೇಡ ಅನ್ನಲಿಕ್ಕೂ ಬಾಯಿ ಇಲ್ಲ!" ಇಡೀ ದಿನ ಗಲ್ಲಾದಲ್ಲಿ ಕೂತು ಬಾಯಿಂದಲೇ ಹೋಟೆಲು ನಡೆಸುವವರಿಗೆ ಇದಕ್ಕಿಂತ ದೊಡ್ಡ ಗಂಡಾಂತರ ಯಾವುದು?

ಶೆಟ್ರು ಕೋರಿ ರೊಟ್ಟಿ ತಿನ್ನುವುದನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಗಸಿ ಹೊಯ್ದ ಕೂಡಲೇ ಕುರುಂ ಎನಿಸಬೇಕಾದ ರೊಟ್ಟಿ ಅದು. ಇವರು ಗಸಿ ಹೊಯ್ದು, ಎದ್ದು ಹೋಗಿ, ಟಿವಿಯಲ್ಲಿ ವಾರ್ತೆ ಮುಗಿಸಿ ಬರುತ್ತಾರೆ. ಅಷ್ಟರಲ್ಲಿ ರೊಟ್ಟಿ ಗಂಜಿಯಾಗಿರುತ್ತದೆ. ಒಂದೊಂದು ತುತ್ತೂ ನಾಲಗೆಯ ಮೇಲೆ ಕ್ಷಣ ನಿಂತು, ದಿವಾ ಜಂಕ್ಷನ್ನಿನಲ್ಲಿ ಪನ್ವೇಲ್ ಗಾಡಿ ಹೊರಳುವ ಹಾಗೆ ನಿಧಾನಕ್ಕೆ ಎಡಕ್ಕೆ ಹೊರಳುತ್ತದೆ. ಚಕ್ಕುಲಿ ಚಹಾದಲ್ಲಿ ಮುಳುಗೇಳುತ್ತದೆ. ಐಸ್‌ಕ್ರೀಮಂತೂ ಕರಗಿದ ಮೇಲೆಯೇ. ಮದುವೆಯ ಫೋಟೋಗಳಲ್ಲಿ ಬಾಯಿ ಬಿಗಿದು ನಿಂತಿರುವುದನ್ನು ಕಂಡು, ಹೆಣ್ಣಿನ ಕಡೆಯವರು ವರದಕ್ಷಿಣೆಯ ಜಗಳವೆಂದುಕೊಂಡಿದ್ದೂ ಉಂಟು.

ಹಲ್ಲಿನ ಡಾಕ್ಟರ ಕುರ್ಚಿಯ ಈ ಭಯವನ್ನು ಅಳೆಯಲು ಅಮೆರಿಕದ ನಾರ್ಮನ್ ಕೋರಾ 1969ರಲ್ಲೇ ನಾಲ್ಕು ಪ್ರಶ್ನೆಗಳನ್ನು ಬರೆದಿಟ್ಟಿದ್ದಾನೆ. ಮೊದಲನೆಯದು, ನಾಳೆ ಹಲ್ಲಿನ ಡಾಕ್ಟರಲ್ಲಿಗೆ ಹೋಗುವುದಿದ್ದರೆ ಇವತ್ತು ಹೇಗನ್ನಿಸುತ್ತದೆ ಎಂದು. ಡ್ರಿಲ್ಲಿನ ಪ್ರಶ್ನೆ ಆಮೇಲಿನದು. ಸೂಜಿಯದನ್ನು ಬೇರೆಯವರು 1995ರಲ್ಲಿ ಸೇರಿಸಿದರು. ಶೆಟ್ರಿಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ, ಮೊದಲನೆಯದಕ್ಕೇ ಬನಿಯನ್ ಒದ್ದೆ. ಮರಗಟ್ಟಿಸುವ ಲಿಗ್ನೊಕೇನ್ ಬಂದು ಎಷ್ಟೋ ಕಾಲವಾಯಿತು, 1943ರಲ್ಲೇ ಸ್ವೀಡನ್ನಿನಲ್ಲಿ ತಯಾರಿಸಿದರು ಎಂದು ನಾನು ಹೇಳಿದರೆ, "ಸ್ವೀಡನ್ನಿನವರ ಹಲ್ಲು ಬೇರೆ" ಎಂದುಬಿಟ್ಟರು.

ಹೆಂಡತಿ ಡೊಂಬಿವಿಲಿಯಲ್ಲಿ ಭಾನುವಾರದ ಅಪಾಯಿಂಟ್‌ಮೆಂಟ್ ತೆಗೆದರೆ, ಅವತ್ತು ಲೋಕಲ್ಲಿಗೆ ಮೆಗಾ ಬ್ಲಾಕ್. ಆಯಿತು, ದಿವಾದಲ್ಲೇ ಲೈನಿನ ಆಚೆ ಒಬ್ಬ ಡಾಕ್ಟರನ್ನು ಹುಡುಕಿದರೆ, ಫಾಟಕ್ ಹಾಕಿತ್ತು. "ಊರಿಗೆ ಹೋದಾಗ ತೋರಿಸ್ತೇನೆ, ಮಣಿಪಾಲದಲ್ಲಿ 1965ರಿಂದ ಹಲ್ಲಿನ ಕಾಲೇಜಿದೆ" ಎಂದು ಮತ್ಸ್ಯಗಂಧಾ ರೈಲು ಹತ್ತುತ್ತಾರೆ. ಊರಲ್ಲಿ ಕೋಲ, ಕಂಬಳ, ನೆಂಟರು. ಯಾರಾದರೂ ನೆನಪಿಸಿದರೆ, "ಮುಂಬಯಿಯ ಡಾಕ್ಟ್ರುಗಳನ್ನು ಬಿಟ್ಟು ಇಲ್ಲಿ ತೋರಿಸುವುದಾ?"

ಕಡೆಗೊಮ್ಮೆ ಕೆನ್ನೆ ಬಾತು ಕಣ್ಣು ಮುಚ್ಚಿದಾಗ ಹೆಂಡತಿಯೇ ರಿಕ್ಷಾಕ್ಕೆ ಹತ್ತಿಸಿ ಕರೆದೊಯ್ದರು. ಡಾಕ್ಟರು ಬಾಗಿಲಲ್ಲೇ ಟಾರ್ಚ್ ಬಿಟ್ಟು ನೋಡಿ, ಕೀವು ಇಳಿಯಲಿ, ಐದು ದಿನ ಮಾತ್ರೆ ನುಂಗಿ, ಆಮೇಲೆ ಬೇರು ಶುಚಿ ಮಾಡೋಣ ಎಂದರು. ಮೂರನೆಯ ದಿನ ಬಾವು ಇಳಿಯಿತು. "ನೋಡಿದ್ಯಾ, ಗುಣ ಆಯ್ತು!" ಎಂದರು ಶೆಟ್ರು. ಹುಳುಕು ಹಲ್ಲು ಇದ್ದಲ್ಲೇ ಇದೆ.

ಮೊನ್ನೆ ಗಾಡಿಯಲ್ಲಿ ಹುಡುಗನೊಬ್ಬ ಕೆನ್ನೆಗೆ ಕೈಯಾನಿಸಿ ನಿಂತಿದ್ದ. ಶೆಟ್ರು ಅವನಿಗೆ ಕ್ಲಿನಿಕ್ಕಿನ ವಿಳಾಸ ಬರೆದೇ ಕೊಟ್ಟರು. "ತಡ ಮಾಡಬೇಡ ಮಗಾ, ಹಲ್ಲಿನ ವಿಷಯ. ಏನೂ ಹೆದರಿಕೆಯಿಲ್ಲ. ಸೋಫಾ ಮೆತ್ತಗಿದೆ, ಫ್ಯಾನೂ ಚೆನ್ನಾಗಿ ತಿರುಗ್ತದೆ."