ತಂಗಡಗಿಯ ಪಿನ್‌ಬಾಲ್ ಪೆಟ್ಟಿಗೆ: ಕಾಲ, ಪಾಠ ಮತ್ತು ಲಕ್ಷಣ ವಿಚಾರ

1. ವಿಷಯಪ್ರವೇಶ

ಕೃಷ್ಣಾ ತೀರದ ತಂಗಡಗಿಯನ್ನು ಕುರಿತು ಬರೆದವರು ಇದುವರೆಗೆ ಎರಡು ಸಂಗತಿಗಳನ್ನಷ್ಟೇ ಗಮನಿಸಿದ್ದಾರೆ. ಬಸವಣ್ಣನವರ ಮಡದಿ ನೀಲಮ್ಮನವರು ಐಕ್ಯರಾದ ಊರು ಇದು ಎಂಬುದು ಒಂದು. ಹಡಪದ ಅಪ್ಪಣ್ಣನವರ ಹೆಸರಿನ ಪೀಠ ಇಲ್ಲಿದೆ ಎಂಬುದು ಇನ್ನೊಂದು. ಇವೆರಡೂ ನಿರ್ವಿವಾದ. ಆದರೆ ಹತ್ತಿಂಚಿನ ಟ್ಯಾಬ್ಲೆಟ್ಟೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇದೇ ಊರಿನ ಪಡಸಾಲೆಯೊಂದರಲ್ಲಿ ನಿಂತಿರುವ ಪ್ಲೈವುಡ್ ಪಿನ್‌ಬಾಲ್ ಪೆಟ್ಟಿಗೆಯ ಬಗ್ಗೆ ವಿದ್ವತ್ ವಲಯ ತುಟಿ ಬಿಚ್ಚಿಲ್ಲ. ಆ ಕೊರತೆಯನ್ನು ನೀಗಿಸುವುದೂ, ಸಾಧ್ಯವಾದರೆ ಹೊಸದೊಂದು ವಿವಾದವನ್ನು ಹುಟ್ಟುಹಾಕುವುದೂ ಪ್ರಸ್ತುತ ಪ್ರಬಂಧದ ಉದ್ದೇಶ.

ಪಿನ್‌ಬಾಲ್ ಎಂದರೆ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡೊಂದನ್ನು ಸ್ಪ್ರಿಂಗಿನಿಂದ ಮೇಲಕ್ಕೆ ಚಿಮ್ಮಿಸಿ, ಅದು ಅಡ್ಡಂಬಡ್ಡ ಬಡಿದುಕೊಂಡು ಕೆಳಗೆ ಉರುಳಿ ಬರುವಾಗ, ತಳದಲ್ಲಿರುವ ಎರಡು ರೆಕ್ಕೆಗಳಿಂದ ಮತ್ತೆ ಮೇಲಕ್ಕೆ ಹೊಡೆಯುವ ಆಟ. ಈ ರೆಕ್ಕೆಗಳಿಗೆ ಜಗತ್ತು ಫ್ಲಿಪ್ಪರ್ ಎನ್ನುತ್ತದೆ. ತಂಗಡಗಿ ಗೇಟು ಎನ್ನುತ್ತದೆ. ಊರಿನ ಮೇಲ್ಗಡೆ ಆಲಮಟ್ಟಿ ಅಣೆಕಟ್ಟೆಗೆ 26 ಗೇಟುಗಳಿವೆ. ಅಲ್ಲಿ ನೀರಿನ ಪೂರ್ಣಮಟ್ಟ 519.60 ಮೀಟರ್, ಕೆಳಗಡೆ ನಾರಾಯಣಪುರದ ಬಸವಸಾಗರದಲ್ಲಿ 492.25 ಮೀಟರ್. ಈ ಇಪ್ಪತ್ತೇಳು ಮೀಟರ್ ಇಳಕಲಿನ ನಡುವೆ ಬದುಕುವ ಜನಕ್ಕೆ ಗೇಟನ್ನು ಯಾವಾಗ ಎತ್ತಬೇಕೆಂಬ ವಿಷಯದಲ್ಲಿ ಸ್ಪಷ್ಟ ಅಭಿಪ್ರಾಯಗಳಿರುವುದು ಸಹಜ. ಪೆಟ್ಟಿಗೆಯ ಸುತ್ತ ನಿಂತವರು “ಲೇ, ಗೇಟ್ ಎತ್ತಲೇ!” ಎಂದು ಕೂಗುವುದನ್ನು ಈ ಹಿನ್ನೆಲೆಯಲ್ಲಿಯೇ ಅರ್ಥೈಸಬೇಕು.

ಈ ಪ್ರಬಂಧದ ಪ್ರತಿಜ್ಞೆ ಇಷ್ಟು: ಪೆಟ್ಟಿಗೆಗೆ ಬೇಕಾದದ್ದು ಯಾವುದೂ ಆಟಕ್ಕೆ ಬೇಕಿಲ್ಲ, ಆಟಕ್ಕೆ ಬೇಕಾದದ್ದು ಯಾವುದೂ ಪೆಟ್ಟಿಗೆಯಲ್ಲಿಲ್ಲ, ಆದರೂ ಪೆಟ್ಟಿಗೆಯಿಲ್ಲದೆ ಆಟವಿಲ್ಲ.

2. ಕಾಲನಿರ್ಣಯ

ಈ ಭಾಗದ ಯಾವ ವಸ್ತುವನ್ನೇ ಆಗಲಿ ಎಳೆದೊಯ್ದು ಹನ್ನೆರಡನೆಯ ಶತಮಾನಕ್ಕೆ ಮುಟ್ಟಿಸದಿದ್ದರೆ ನಮ್ಮ ಸಂಶೋಧಕರಿಗೆ ಉಂಡ ಅನ್ನ ಅರಗುವುದಿಲ್ಲ. ಪ್ರಸ್ತುತ ಲೇಖಕನು ಆ ಆಸೆಯನ್ನು ಬಲವಂತದಿಂದ ಹತ್ತಿಕ್ಕಿದ್ದಾನೆ. ಕಲ್ಯಾಣದ ಶರಣರಿಗೆ ಬೇರೆ ಕೆಲಸಗಳಿದ್ದವು.

ಸಿಕ್ಕುವ ಆಧಾರಗಳು ನಮ್ಮನ್ನು ಮೊದಲು ಹದಿನೆಂಟನೆಯ ಶತಮಾನದ ಫ್ರಾನ್ಸಿಗೆ ಒಯ್ಯುತ್ತವೆ. ಅಲ್ಲಿ ಬ್ಯಾಗಾಟೆಲ್ ಎಂಬ ಆಟ ಶ್ರೀಮಂತರ ಹೊತ್ತು ಕಳೆಯುತ್ತಿತ್ತು. ಕೋಲಿನಿಂದ ಗುಂಡು ತಳ್ಳುವ ಆ ಆಟಕ್ಕೆ ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಾಂಟೇಗ್ ರೆಡ್‌ಗ್ರೇವ್ ಎಂಬವನು 1871ರಲ್ಲಿ ಸುರುಳಿ ಸ್ಪ್ರಿಂಗು ಸೇರಿಸಿ ಪೇಟೆಂಟ್ ಪಡೆದ. 1931ರಲ್ಲಿ ಡೇವಿಡ್ ಗಾಟ್ಲಿಬ್‌ನ ‘ಬ್ಯಾಫಲ್ ಬಾಲ್’ ಬಂದು, ಕಾಸು ಹಾಕಿ ಆಡುವ ಯಂತ್ರ ಅಂಗಡಿ ಅಂಗಡಿಗೂ ಹೊಕ್ಕಿತು. ಗೇಟು ಬಂದದ್ದು ಮಾತ್ರ 1947ರಲ್ಲಿ. ಗಾಟ್ಲಿಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರಕ್ಕೆ ಹ್ಯಾರಿ ಮ್ಯಾಬ್ಸ್ ಆರು ಫ್ಲಿಪ್ಪರುಗಳನ್ನು ಕೂರಿಸಿದ. ಅಲ್ಲಿಯವರೆಗೆ ಗುಂಡು ಬಿಟ್ಟವನು, ಯಂತ್ರವನ್ನು ಗುದ್ದುವುದೊಂದನ್ನು ಬಿಟ್ಟರೆ, ಕೈಕಟ್ಟಿ ನಿಂತು ಅದು ಬಿದ್ದಲ್ಲಿ ಬೀಳುವುದನ್ನು ನೋಡಬೇಕಿತ್ತು. ಹೀಗಾಗಿ ಭಾರತಕ್ಕೂ ಪಿನ್‌ಬಾಲ್ ಆಟಗಾರನಿಗೂ ಸ್ವಾತಂತ್ರ್ಯ ಒಂದೇ ವರ್ಷ ದೊರೆಯಿತು ಎಂಬುದು ಸಿದ್ಧವಾಗುತ್ತದೆ. ಎರಡೂ ಕಡೆ ಅದನ್ನು ಹೇಗೆ ಬಳಸಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ.

3. ಮಾತೃಕೆಯ ವಿಚಾರ

ವಿಜಯಪುರ ಸೀಮೆಯ ವಿದ್ವಾಂಸನಾದವನು ಯಾರದಾದರೂ ಅಟ್ಟ ಹತ್ತಲೇಬೇಕು. ಫ.ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಹೊರತಂದರು. ಆ ಹಾದಿಯಲ್ಲಿ ತುಂಬ ಹಿಂದೆ, ತುಂಬ ನಿಧಾನವಾಗಿ ಬರುತ್ತಿರುವ ಪ್ರಸ್ತುತ ಲೇಖಕನಿಗೆ ಅಟ್ಟದಲ್ಲಿ ದೊರೆತದ್ದು ಮೊಳೆ ಹೊಡೆದ ಹಲಗೆಯೊಂದು. ಬೇಸಿಗೆ ರಜೆಯಲ್ಲಿ ಹುಡುಗರು ಟ್ರ್ಯಾಕ್ಟರಿನ ಹಳೆಯ ಬೇರಿಂಗ್ ಒಡೆದು ತಂದ ಗುಂಡುಗಳಿಂದ ಆಡುತ್ತಿದ್ದ ಬ್ಯಾಗಾಟೆಲ್ ಹಲಗೆ ಅದು. ಇದನ್ನು ಮುಂದೆ ‘ಅ’ ಪ್ರತಿ ಎಂದು ಕರೆಯಲಾಗುವುದು. ‘ಆ’ ಪ್ರತಿ ಇಲ್ಲ.

‘ಅ’ ಪ್ರತಿ ಅಲ್ಲಲ್ಲಿ ತ್ರುಟಿತವಾಗಿದೆ. ಅಂದರೆ ಮೊಳೆ ಉದುರಿವೆ. ಇನ್ನು ಕೆಲವೆಡೆ ಮೊಳೆಗಳ ತಲೆ ಬೇರೆ, ದಪ್ಪ ಬೇರೆ, ತುಕ್ಕು ಬೇರೆ. ಇವು ಪ್ರಕ್ಷಿಪ್ತ ಎನ್ನಲು ಅಡ್ಡಿಯಿಲ್ಲ. ಗುಂಡು ಹೋಗಿ ಕೂರುವ ಮನೆಗಳಿಗೆ ಸುಣ್ಣದಲ್ಲಿ 10, 20, 50, 100 ಎಂದು ಬರೆದಿದೆ. ಮೂಲೆಯ ಒಂದು ಮನೆಗೆ ಮಾತ್ರ ಬಾಲ್‌ಪೆನ್ನಿನಲ್ಲಿ 500 ಎಂದಿದೆ. ಲಿಪಿ ಅರ್ವಾಚೀನ, ಕೈ ನಡುಗಿದೆ, ಮನೆಯ ಬಾಯಿ ಉಳಿದವುಗಳಿಗಿಂತ ಅಗಲವಾಗಿದೆ. ಸತತವಾಗಿ ಸೋತವನೊಬ್ಬನು ಇದನ್ನು ಸೇರಿಸಿರಬೇಕು. ಶುದ್ಧ ಪಾಠದಿಂದ ಕೈಬಿಡತಕ್ಕದ್ದು. ಮನೆಯ ಹಿರಿಯರಾದ ಮುತ್ತ್ಯಾನನ್ನು ಈ ಕುರಿತು ವಿಚಾರಿಸಲಾಗಿ, “ಅದು ಮೊದಲಿಂದನೂ ಐತಿ, ನಾನ ನೋಡೀನಿ” ಎಂದು ಅವರು ಬಾಲ್‌ಪೆನ್ನನ್ನು ಜೇಬಿಗೆ ಸೇರಿಸಿಕೊಂಡರು. ಮೌಖಿಕ ಆಕರಗಳನ್ನು ಎಚ್ಚರದಿಂದ ಬಳಸಬೇಕೆಂಬ ಮಾತಿಗೆ ಇದು ಪುಷ್ಟಿ ಕೊಡುತ್ತದೆ.

4. ಪೆಟ್ಟಿಗೆಯ ಲಕ್ಷಣ

ಈ ಹಲಗೆಯನ್ನು ಮಾತೃಕೆಯಾಗಿಟ್ಟುಕೊಂಡು ಟ್ಯಾಬ್ಲೆಟ್ಟಿಗಾಗಿ ಕಟ್ಟುವ ಪೆಟ್ಟಿಗೆಯು ಮೂರು ಲಕ್ಷಣಗಳಿಂದ ಕೂಡಿರಬೇಕು: ಇಳಕಲ, ಎತ್ತರ, ಮತ್ತು ಹಿಂಬದಿಯಲ್ಲಿ ಎದ್ದು ನಿಂತ ಬಣ್ಣದ ಹಲಗೆ. ಈ ಮೂರರ ಪೈಕಿ ಇಳಕಲದ ಬಗ್ಗೆ ಘನಘೋರ ವಾದವೇ ನಡೆಯಿತು.

ನಿಜವಾದ ಯಂತ್ರದಲ್ಲಿ ಆಟದ ಹಲಗೆ ಸುಮಾರು ಆರೂವರೆ ಡಿಗ್ರಿ ಓರೆಯಾಗಿರುತ್ತದೆ. ಲೇಖಕನು ಇದನ್ನು ಬಡಿಗ್ಯಾರ ಕಾಕಾನಿಗೆ ಡಿಗ್ರಿಯಲ್ಲಿಯೇ ವಿವರಿಸಿದ. ಕಾಕಾ ಕಿವಿಯಿಂದ ಪೆನ್ಸಿಲ್ ತೆಗೆದು ಪ್ಲೈವುಡ್ಡಿನ ಮೇಲೆ ಗೆರೆ ಎಳೆದು, “ಅಡಿಗೆ ಒಂದಿಂಚು ಮೂರು ಸೂತ ಅನ್ರಿ, ತಿಳೀತೈತಿ” ಎಂದ. ಸೂತವೆಂದರೆ ಇಂಚಿನ ಎಂಟನೆಯ ಒಂದು ಪಾಲು. ತ್ರಿಕೋನಮಿತಿಯ ಕೋಷ್ಟಕ ತೆಗೆದು ನೋಡಲಾಗಿ ಕಾಕಾನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇಷ್ಟಾದ ಮೇಲೆ ಪೂರ್ವಪಕ್ಷ ಎದ್ದಿತು.

“ಅಲ್ರೀ ಮಾಸ್ತರ, ಗುಂಡು ಗಾಜಿನೊಳಗ ಐತಿ. ಅದು ಗುಂಡೂ ಅಲ್ಲ, ಗುಂಡಿನ ಚಿತ್ರ. ನಾ ಪೆಟಗಿ ಓರೆ ಮಾಡಿದ್ರ ಅದಕ್ಕ ಹೆಂಗ ಗೊತ್ತಾಗಬೇಕ್ರೀ?”

ಆಕ್ಷೇಪಣೆ ಗಂಭೀರವಾದದ್ದು. ಉಕ್ಕಿನ ನಿಜಗುಂಡು 27 ಮಿಲಿಮೀಟರ್ ಅಡ್ಡಳತೆಯದು, ಎಂಬತ್ತು ಗ್ರಾಮಿನಷ್ಟು ತೂಗುತ್ತದೆ. ಟ್ಯಾಬ್ಲೆಟ್ಟಿನೊಳಗಿನ ಗುಂಡಿಗೆ ತೂಕವೇ ಇಲ್ಲ. ಅದರ ಇಳಿಜಾರನ್ನು ಆಟ ಬರೆದವನು ಮೊದಲೇ ಅಂಕಿಗಳಲ್ಲಿ ಬರೆದಿಟ್ಟಿದ್ದಾನೆ. ಪೆಟ್ಟಿಗೆಯನ್ನು ಮಟ್ಟಸವಾಗಿಟ್ಟರೂ ಅದು ಕೆಳಗೇ ಬರುತ್ತದೆ, ತಲೆಕೆಳಗು ಮಾಡಿದರೂ ತನ್ನ ಕೆಳಗಿಗೇ ಬರುತ್ತದೆ. ಹಾಗಾದರೆ ಒಂದಿಂಚು ಮೂರು ಸೂತ ಯಾರಿಗಾಗಿ?

ಉತ್ತರಪಕ್ಷ: ಗುಂಡಿಗಲ್ಲ, ನೋಡುವವನ ಕುತ್ತಿಗೆಗಾಗಿ. ಹಲಗೆ ಓರೆಯಾಗಿದ್ದರೆ ಆಡುವವನು ತುಸು ಬಾಗುತ್ತಾನೆ. ಬಾಗಿದವನು ಮೈಯೆಲ್ಲದಿಂದ ಆಡುತ್ತಾನೆ. ಗುಂಡು ಎಡಕ್ಕೆ ಹೋದರೆ ಸೊಂಟವೂ ಎಡಕ್ಕೆ ಹೋಗುತ್ತದೆ. ಗಾಜಿನೊಳಗಿನ ಗುಂಡಿಗೆ ಇಲ್ಲದ ತೂಕವನ್ನು ಹೊರಗೆ ನಿಂತವನು ತನ್ನ ಮೈಯಿಂದ ತುಂಬಿಕೊಡುತ್ತಾನೆ. ಕಾಕಾ ಇದನ್ನು ಪೂರ್ತಿ ಒಪ್ಪಲಿಲ್ಲ. “ಆಗಲಿ, ನೀರ ನಿಂದ್ರಂಗಿಲ್ಲ” ಎಂದು ಮಾಳಿಗೆಗೆ ಬಿಡುವ ಇಳಕಲವನ್ನೇ ನೆನೆದು ಗರಗಸ ಎತ್ತಿಕೊಂಡ.

ಪೆಟ್ಟಿಗೆಯನ್ನು ಗುದ್ದುವ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಹಳೆಯ ಯಂತ್ರಗಳಲ್ಲಿ ಲೋಹದ ಉಂಗುರದ ನಡುವೆ ತೂಕದ ಗುಂಡೊಂದನ್ನು ತೂಗುಬಿಟ್ಟಿರುತ್ತಾರೆ. ಆಟಗಾರ ಯಂತ್ರವನ್ನು ಜೋರಾಗಿ ಅಲುಗಾಡಿಸಿದರೆ ಅದು ಉಂಗುರಕ್ಕೆ ತಾಗಿ ‘ಟಿಲ್ಟ್’ ಎಂಬ ತೀರ್ಪು ಬಂದು ಆಟ ನಿಲ್ಲುತ್ತದೆ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗೌಂಡಿಯು ಇಳಿಬಿಡುವ ತೂಕದ ಗುಂಡು ಇದೇ. ಒಂದು ಗೋಡೆಯ ನಿಯತ್ತು ನೋಡುತ್ತದೆ, ಇನ್ನೊಂದು ಮನುಷ್ಯನದು. ಟ್ಯಾಬ್ಲೆಟ್ಟಿನಲ್ಲಿ ಆ ಕೆಲಸಕ್ಕೆ ಅಲುಗಾಟವನ್ನು ಅಳೆಯುವ ಚಿಪ್ಪಿದೆ. ಅದಕ್ಕೆ ಕಾಣುವಂಥ ಗುಂಡಿಲ್ಲದ ಕಾರಣ ಊರಿನಲ್ಲಿ ಅದರ ತೀರ್ಪನ್ನು ಯಾರೂ ಒಪ್ಪುವುದಿಲ್ಲ.

5. ತಂತಿ ಪ್ರಕರಣ

ಗಾಜನ್ನು ಮುಟ್ಟದೆ ಗಾಜಿಗೆ ಮುಟ್ಟಿದಂತೆ ಮಾಡುವುದು ಹೇಗೆ ಎಂಬುದು ಈ ಶಾಸ್ತ್ರದ ಗಂಟು. ಟ್ಯಾಬ್ಲೆಟ್ಟಿನ ಗಾಜಿಗೆ ಒತ್ತಡದ ಪರಿವೆಯಿಲ್ಲ. ಅದರ ಕೆಳಗೆ ಕಣ್ಣಿಗೆ ಕಾಣದ ತಂತುಗಳ ಜಾಲವೊಂದಿದೆ. ಬೆರಳು ಸಮೀಪಿಸಿದಾಗ ನಮ್ಮ ಮೈ ಅದರಿಂದ ಚೂರು ವಿದ್ಯುದಂಶವನ್ನು ಸೆಳೆಯುತ್ತದೆ. ಆ ಏರುಪೇರನ್ನೇ ಯಂತ್ರ ಸ್ಪರ್ಶವೆಂದು ಓದುತ್ತದೆ. ಆದ್ದರಿಂದ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ಎರಡು ತುಣುಕುಗಳನ್ನು ಗಾಜಿನ ಎಡಬಲ ಮೂಲೆಗಳಿಗೆ ಅಂಟಿಸಿ, ಅವುಗಳಿಂದ ತಾಮ್ರದ ತಂತಿ ಎಳೆದು, ಪೆಟ್ಟಿಗೆಯ ಎರಡು ಬದಿಗೆ ಹೊರಚಾಚಿದ ಹಿತ್ತಾಳೆ ಬೋಲ್ಟುಗಳಿಗೆ ಕಟ್ಟಿದರೆ, ಬೋಲ್ಟು ಮುಟ್ಟಿದ್ದು ಗಾಜು ಮುಟ್ಟಿದ್ದಕ್ಕೆ ಸಮ. ತಂತಿ ಗಿಡ್ಡವಾದಷ್ಟೂ ಒಳ್ಳೆಯದು. ಗುಂಡು ಚಿಮ್ಮಿಸಲು ಬೆರಳೇ ಸಾಕು.

ತಾಮ್ರದ ತಂತಿಗಾಗಿ ಪಂಪ್‌ಸೆಟ್ಟುಗಳ ಮೋಟಾರು ರಿವೈಂಡಿಂಗ್ ಮಾಡುವವನಲ್ಲಿಗೆ ಹೋಗಲಾಯಿತು. ಅವನು ಕೊಟ್ಟ ಮೊದಲ ಉಪದೇಶ ಗ್ರಂಥಗಳಲ್ಲಿ ಇರುವಂಥದ್ದಲ್ಲ: “ಮ್ಯಾಲಿನ ವಾರ್ನಿಶ್ ಬ್ಲೇಡಿಲೆ ಕೆರೀರಿ, ಇಲ್ಲಂದ್ರ ಕರೆಂಟ್ ಹಾಯಂಗಿಲ್ಲ.” ಪಾಂಡಿತ್ಯಕ್ಕೂ ಇದು ಅನ್ವಯಿಸುತ್ತದೆಂದು ಪ್ರಸ್ತುತ ಲೇಖಕನಿಗೆ ಹೊಳೆದರೂ ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ.

ಮಾತಿನ ನಡುವೆ ನಿಜವಾದ ಪಿನ್‌ಬಾಲ್ ಯಂತ್ರದ ಫ್ಲಿಪ್ಪರ್ ಕಾಯಿಲ್ಲಿನ ಪ್ರಸ್ತಾಪ ಬಂತು. ಅದರಲ್ಲಿ ಸಾಮಾನ್ಯವಾಗಿ ಎರಡು ಸುತ್ತುಗಳಿರುತ್ತವೆ: ರೆಕ್ಕೆಯನ್ನು ಥಟ್ಟನೆ ಎತ್ತಲು ಬಲವಾದ ಒಂದು, ಎತ್ತಿದ್ದನ್ನು ಸುಡದೆ ಹಿಡಿದಿಡಲು ಮೆತ್ತನೆಯ ಇನ್ನೊಂದು. ಷಿಕಾಗೋದ ಕಾರ್ಖಾನೆಗಳು ಬಳಸಿದ ಈ ಉಪಾಯವನ್ನು ಲೇಖಕನು ಬೆರಗಿನಿಂದ ಬಣ್ಣಿಸಿದಾಗ ರಿವೈಂಡಿಂಗಿನವನು ಕೈಕೆಲಸದಿಂದ ತಲೆ ಎತ್ತಲಿಲ್ಲ. “ನಮ್ಮ ಸಿಂಗಲ್ ಫೇಸ್ ಮೋಟರಿಗೂ ಎರಡ ಇರ್ತಾವ್ರೀ. ಸ್ಟಾರ್ಟಿಂಗ್ ಒಂದು, ರನ್ನಿಂಗ್ ಒಂದು. ಎಬ್ಬಸೂದಕ್ಕ ಬ್ಯಾರೆ ತಾಕತ್ತು, ನಡಸೂದಕ್ಕ ಬ್ಯಾರೆ.” ಇದಕ್ಕಿಂತ ಉತ್ತಮವಾದ ಭಾಷ್ಯ ಈ ವಿಷಯದ ಮೇಲೆ ಬಂದಿಲ್ಲ.

6. ಅಪೌರುಷೇಯ ಸ್ಪರ್ಶಗಳು

ಪೆಟ್ಟಿಗೆ ನಿಂತ ಮೇಲೆ ವಿಚಿತ್ರವೊಂದು ತೋರಿತು. ಯಾರೂ ಮುಟ್ಟದೆ ಗೇಟುಗಳು ತಾವಾಗಿ ಬಡಿದುಕೊಳ್ಳತೊಡಗಿದವು. ಈ ಬಗ್ಗೆ ಮೂರು ಮತಗಳಿವೆ. ದೈವಿಕ ಮತದವರು ಲಿಂಬಿಹಣ್ಣು ಕಟ್ಟಲು ಸೂಚಿಸಿದರು. ಐತಿಹಾಸಿಕ ಮತದವರು, ಅಂದರೆ ಮುತ್ತ್ಯಾ, 500ರ ಮನೆಯನ್ನು ಶುದ್ಧ ಪಾಠದಿಂದ ಕೈಬಿಟ್ಟದ್ದರ ಫಲ ಇದು ಎಂದರು. ಭೌತಿಕ ಮತದ ಪ್ರಕಾರ, ಅಗ್ಗದ ಚಾರ್ಜರು ಹಚ್ಚಿದಾಗ ಅದರ ವಿದ್ಯುತ್ ಗದ್ದಲ ಗಾಜಿನ ಜಾಲಕ್ಕೆ ಸೇರಿಕೊಂಡು, ಇಲ್ಲದ ಬೆರಳುಗಳನ್ನು ಯಂತ್ರ ಕಾಣತೊಡಗುತ್ತದೆ. ಚಾರ್ಜರು ಕಿತ್ತಾಗ ಬಡಿತ ನಿಂತಿತು. ಆದರೆ ಅದೇ ಹೊತ್ತಿಗೆ ಲಿಂಬಿಹಣ್ಣನ್ನೂ ಕಟ್ಟಲಾಗಿದ್ದರಿಂದ ಮೂರನೆಯ ಮತ ಗೆದ್ದಿತೆಂದು ಹೇಳಲು ಬರುವುದಿಲ್ಲ. ವೈಜ್ಞಾನಿಕ ಪ್ರಯೋಗದಲ್ಲಿ ಒಮ್ಮೆಗೆ ಒಂದನ್ನೇ ಬದಲಿಸಬೇಕೆಂಬ ನಿಯಮವು ಕೂಡು ಕುಟುಂಬಗಳಲ್ಲಿ ನಡೆಯುವುದಿಲ್ಲ.

7. ಜೂಜಿನ ಪ್ರಶ್ನೆ

ಅವ್ವ ಎತ್ತಿದ ಪ್ರಶ್ನೆ ಒಂದೇ: “ಇದು ಆಟೇನೋ, ಜೂಜೇನೋ?” ಇದು ಬರೀ ಪಡಸಾಲೆಯ ಪ್ರಶ್ನೆಯಲ್ಲ. ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ 1942ರಲ್ಲಿ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿ, ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದ. 1976ರಲ್ಲಿ ರೋಜರ್ ಶಾರ್ಪ್ ಎಂಬ ಪತ್ರಕರ್ತ ನಗರಸಭೆಯವರ ಮುಂದೆ ಯಂತ್ರ ಆಡಿ, ಗುಂಡು ಯಾವ ದಾರಿಯಲ್ಲಿ ಹೋಗುತ್ತದೆಂದು ಮೊದಲೇ ಹೇಳಿ ಹಾಗೆಯೇ ಕಳಿಸಿ ತೋರಿಸಿದ. ನಿಷೇಧ ಎದ್ದಿತು. ನಮ್ಮಲ್ಲಿಯೂ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ಕೌಶಲವೋ ಅದೃಷ್ಟವೋ ಎಂಬ ಇದೇ ಚರ್ಚೆ ಹೈಕೋರ್ಟಿನ ಮೆಟ್ಟಿಲೇರಿತು. 2022ರ ಫೆಬ್ರುವರಿಯಲ್ಲಿ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು.

ಅವ್ವನಿಗೆ ಈ ಪೂರ್ವನಿದರ್ಶನಗಳನ್ನು ಸವಿಸ್ತಾರವಾಗಿ ನಿವೇದಿಸಲಾಯಿತು. “ರೊಕ್ಕ ಇಡತೀರೋ ಇಲ್ಲೋ, ಅಷ್ಟ ಹೇಳು” ಎಂದಳು. ಇಡುವುದಿಲ್ಲ ಎನ್ನಲಾಗಿ ಪ್ರಕರಣ ಇತ್ಯರ್ಥವಾಯಿತು. ನ್ಯೂಯಾರ್ಕಿಗೆ ಇದಕ್ಕೆ 34 ವರ್ಷ ಹಿಡಿದಿತ್ತು.

8. ನಿಷ್ಕರ್ಷೆ

ಮೇಲಿನ ವಿವೇಚನೆಯಿಂದ ಐದು ಅಂಶಗಳು ಸ್ಥಾಪಿತವಾಗುತ್ತವೆ.

ಒಂದು, ಇಳಕಲ ಗುಂಡಿಗೆ ಬೇಡ, ಎತ್ತರ ಗಾಜಿಗೆ ಬೇಡ, ಬಣ್ಣದ ಹಲಗೆ ಯಾವುದಕ್ಕೂ ಬೇಡ. ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟುಕೊಂಡೂ ಇದೇ ಆಟವನ್ನು ಇಷ್ಟೇ ಚೆನ್ನಾಗಿ ಆಡಬಹುದು.

ಎರಡು, ಹಾಗೆ ಆಡುವವನು ಮೂಲೆ ಹಿಡಿಯುತ್ತಾನೆ. ಅವನು ಗೆದ್ದದ್ದು ಮನೆಗೆ ಗೊತ್ತಾಗುವುದಿಲ್ಲ, ಸೋತದ್ದು ಅವನಿಗೂ ನೆನಪಿರುವುದಿಲ್ಲ.

ಮೂರು, ಅದೇ ಟ್ಯಾಬ್ಲೆಟ್ಟಿಗೆ ಸೊಂಟದೆತ್ತರದ ಪೆಟ್ಟಿಗೆಯೊಂದು ಸಿಕ್ಕಿದ ಕೂಡಲೆ ಅದರ ಸುತ್ತ ಜನ ನಿಲ್ಲುತ್ತಾರೆ. ಬೋಲ್ಟುಗಳು ಎರಡು ಬದಿಗೆ ದೂರವಿರುವುದರಿಂದ ಎಡಗೇಟು ಒಬ್ಬರ, ಬಲಗೇಟು ಇನ್ನೊಬ್ಬರ ಪಾಲಾಗುತ್ತದೆ. ಅತ್ತೆಯೂ ಸೊಸೆಯೂ ಹೀಗೆ ಹಂಚಿಕೊಂಡು ಆಡಿ, ನಡುವಿನಿಂದ ಗುಂಡು ಜಾರಿದಾಗ ಅದು ಯಾರ ಕಡೆಯದೆಂದು ರೊಟ್ಟಿ ಬಡಿಯುವ ಹೊತ್ತಿನವರೆಗೂ ವಾದಿಸಿದ್ದಕ್ಕೆ ಸಾಕ್ಷಿಗಳಿದ್ದಾರೆ.

ನಾಲ್ಕು, ಆದ್ದರಿಂದ ಪೆಟ್ಟಿಗೆಯನ್ನು ಆಟದ ಉಪಕರಣವೆಂದು ವರ್ಗೀಕರಿಸಿರುವುದು ತಪ್ಪು. ಅದು ಪಕ್ಕದಲ್ಲಿ ನಿಂತು ಬುದ್ಧಿ ಹೇಳುವವರಿಗಾಗಿ ಕಟ್ಟಿದ ಸ್ಥಾವರ. ಬಡಿಗ್ಯಾರ ಕಾಕಾ ಇದುವರೆಗೆ ಒಮ್ಮೆಯೂ ಬೋಲ್ಟು ಮುಟ್ಟಿಲ್ಲ. ಆದರೆ ದಿನಾ ಸಂಜೆ ಬಂದು ಗೇಟು ಎತ್ತುವುದರಲ್ಲಿ ಎಲ್ಲರೂ ಅವಸರ ಮಾಡುತ್ತಾರೆಂದು ತೀರ್ಪು ಕೊಟ್ಟು ಚಹಾ ಕುಡಿದು ಹೋಗುತ್ತಾನೆ.

ಐದನೆಯ ಅಂಶ ಇವೆಲ್ಲಕ್ಕಿಂತ ಮಹತ್ವದ್ದು, ಇದುವರೆಗಿನ ಎಲ್ಲ ಊಹೆಗಳನ್ನೂ ಬುಡಮೇಲು ಮಾಡುವಂಥದ್ದು. ಆದರೆ ಎಡಗಡೆಯ ಬೋಲ್ಟು ಈಗಷ್ಟೇ ತೆರವಾಗಿರುವುದರಿಂದ ಅದನ್ನು ಮುಂದಿನ ಸಂಪುಟಕ್ಕೆ ಕಾಯ್ದಿರಿಸಲಾಗಿದೆ.