ಕರೆಗಂಟೆಯ ರಾಯರು

ಸರ್ಕಾರಿ ಅಧಿಕಾರಿಯೊಬ್ಬನು ನಿವೃತ್ತನಾದ ದಿನ ಅವನು ಕಳೆದುಕೊಳ್ಳುವ ವಸ್ತುಗಳಲ್ಲೆಲ್ಲ ಕುರ್ಚಿಯೇ ದೊಡ್ಡದೆಂದು ಲೋಕ ಭಾವಿಸಿದೆ. ಲೋಕಕ್ಕೆ ಕಚೇರಿಯ ಅನುಭವ ಸಾಲದು. ಕುರ್ಚಿಯನ್ನು ಮನೆಯಲ್ಲಿಯೂ ಹಾಕಿಕೊಂಡು ಕೂರಬಹುದು. ಜೀಪು ಹೋದರೆ ನಡೆದಾಡಿ ಆರೋಗ್ಯ ಕಾಪಾಡಿಕೊಳ್ಳುತ್ತಿದ್ದೇನೆಂದು ಹೇಳಿಕೊಳ್ಳಬಹುದು. ಆದರೆ ಮೇಜಿನ ಬಲಮೂಲೆಯಲ್ಲಿ, ಕಡತಗಳ ರಾಶಿಗೂ ಗುಂಡುಸೂಜಿಯ ಡಬ್ಬಿಗೂ ನಡುವೆ ಕುಳಿತಿದ್ದು, ಅಂಗೈಯಿಂದ ಮೆಲ್ಲನೆ ತಟ್ಟಿದೊಡನೆ 'ಟಣ್' ಎಂದು ನುಡಿದು, ಆ ನಾದ ಅಡಗುವುದರೊಳಗಾಗಿ ಬಾಗಿಲ ಪರದೆಯನ್ನು ಸರಿಸಿಕೊಂಡು ಜವಾನನೊಬ್ಬನು 'ಸ್ವಾಮಿ' ಎಂದು ಪ್ರತ್ಯಕ್ಷನಾಗುವಂತೆ ಮಾಡುತ್ತಿದ್ದ ಆ ಹಿತ್ತಾಳೆಯ ಕರೆಗಂಟೆಯ ಸ್ಥಾನವನ್ನು ತುಂಬಬಲ್ಲ ಸಾಧನ ಗೃಹಸ್ಥಾಶ್ರಮದಲ್ಲಿ ಯಾವುದೂ ಇಲ್ಲ. ಹೆಂಡತಿಯನ್ನು ಕೂಗಿ ಕರೆಯಬಹುದು, ನಿಜ. ಆದರೆ ಕೂಗುವುದು ಯಾಚನೆ. ಗಂಟೆ ತಟ್ಟುವುದು ಆಜ್ಞೆ.

ನಾನು ವರ್ಣಿಸಹೊರಟಿರುವ ರಾಯರು ಇಂಥವರೇ ಎಂದು ಬೆರಳು ಮಾಡಿ ತೋರಿಸುವಂತಿಲ್ಲ. ಮೈಸೂರಿನ ಸರಸ್ವತೀಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂಗಳ ಯಾವ ರಸ್ತೆಯನ್ನು ಹೊಕ್ಕರೂ, ಗೇಟಿನ ಕಲ್ಲಿನ ಮೇಲೆ ಹೆಸರನ್ನೂ ಹೆಸರಿನ ಕೆಳಗೆ ಹುದ್ದೆಯನ್ನೂ ಹುದ್ದೆಯ ಮಗ್ಗುಲಲ್ಲಿ, ಕನ್ನಡಕವಿಲ್ಲದವರಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, 'ನಿವೃತ್ತ' ಎಂಬುದನ್ನೂ ಕೆತ್ತಿಸಿರುವ ಮನೆಯೊಂದು ಇದ್ದೇ ಇರುತ್ತದೆ. ಅದರ ವರಾಂಡದ ಬೆತ್ತದ ಕುರ್ಚಿಯಲ್ಲಿ ಅವರು ವಿರಾಜಮಾನರಾಗಿರುತ್ತಾರೆ. ವಯಸ್ಸು ಎಂಬತ್ತರ ಹೊಸ್ತಿಲು. ಬಲಮೊಣಕಾಲು ಸವೆದಿದೆ. ರಕ್ತದೊತ್ತಡ, ಮಧುಮೇಹಗಳೆರಡೂ ಉಂಟು. ಆದರೆ ಅವುಗಳನ್ನು 'ಕಂಟ್ರೋಲಿನಲ್ಲಿ ಇಟ್ಟಿದ್ದೇನೆ' ಎಂದು, ಹಿಂದೆ ಕೈಕೆಳಗಿನ ಗುಮಾಸ್ತರ ವಿಷಯದಲ್ಲಿ ಹೇಳುತ್ತಿದ್ದ ಧ್ವನಿಯಲ್ಲಿಯೇ ಹೇಳುತ್ತಾರೆ. ಮಗ ನ್ಯೂಜೆರ್ಸಿಯಲ್ಲಿ, ಮಗಳು ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ; ಪ್ರಯಾಣದ ದೃಷ್ಟಿಯಿಂದ ನೋಡಿದರೆ ಈ ಎರಡು ಊರುಗಳಿಗೂ ಅಂಥ ವ್ಯತ್ಯಾಸವೇನೂ ಇಲ್ಲ.

ಇಂಥ ರಾಯರ ಮನೆಗೆ ಒಂದು ದಿನ ಉದ್ದನೆಯ ಪೆಟ್ಟಿಗೆಯೊಂದು ಬರುತ್ತದೆ. ಮಗ ನ್ಯೂಜೆರ್ಸಿಯಲ್ಲಿ ಕುಳಿತು ಬೆರಳಾಡಿಸಿ ತರಿಸಿದ ಊರುಗೋಲು ಅದು. ಮೈ ಅಲ್ಯೂಮಿನಿಯಂ, ತುದಿಗೆ ರಬ್ಬರಿನ ಬುಷ್ಷು, ಹಿಡಿಯ ಕೆಳಗೊಂದು ಪುಟ್ಟ ಟಾರ್ಚು; ಹೆಬ್ಬೆರಳಿಗೆ ಎಟುಕುವಂತೆ ಒಂದು ಕೆಂಪು ಗುಂಡಿ. ಗುಂಡಿಯನ್ನು ಒತ್ತಿ ಹಿಡಿದರೆ ಕೋಲು ಸೈರನ್ ಮೊಳಗಿಸುತ್ತದೆ; ತನ್ನ ಹೊಟ್ಟೆಯಲ್ಲಿರುವ ಸಿಮ್ ಕಾರ್ಡಿನ ಮೂಲಕ, ಮೊದಲೇ ದಾಖಲಿಸಿರುವ ಮೂರು ಫೋನುಗಳಿಗೆ ಒಂದಾದ ಮೇಲೊಂದರಂತೆ ಕರೆ ಮಾಡುತ್ತದೆ; ಸಾಲದೆಂದು ಉಪಗ್ರಹಗಳ ನೆರವಿನಿಂದ ತಾನಿರುವ ಸ್ಥಳವನ್ನು ಗುರುತಿಸಿ ಅವರಿಗೆ ಸಂದೇಶವನ್ನೂ ಕಳುಹಿಸುತ್ತದೆ. ಪೆಟ್ಟಿಗೆ ತೆರೆದಾಗ ರಾಯರ ಮುಖದಲ್ಲಿ ಮೊದಲು ಕಂಡದ್ದು ತಿರಸ್ಕಾರ. 'ನನಗೇನಾಗಿದೆ ಅಂತ ಕೋಲು ಕಳಿಸಿದಾನೆ?' ಎಂದು ಅದನ್ನು ಮೂಲೆಗೆ ಒರಗಿಸಹೋದವರ ಹೆಬ್ಬೆರಳು ಆಕಸ್ಮಿಕವಾಗಿ ಆ ಗುಂಡಿಯ ಮೇಲೆ ಬಿತ್ತು, ಸೈರನ್ ಮೊಳಗಿತು, ಅಡಿಗೆಮನೆಯಿಂದ ಹೆಂಡತಿ, ಹಿತ್ತಲಿನಿಂದ ಕೆಲಸದಾಕೆ, ಮಹಡಿಯಿಂದ ಬಾಡಿಗೆಯ ಹುಡುಗ, ಮೂವರೂ ಏದುಸಿರು ಬಿಡುತ್ತ ಓಡಿಬಂದು ಎದುರಿಗೆ ನಿಂತರು. ನಿವೃತ್ತಿಯ ತರುವಾಯ ರಾಯರ ಎದುರಿಗೆ ಮೂವರು ಏಕಕಾಲದಲ್ಲಿ ಹೀಗೆ ನಿಂತದ್ದು ಅದೇ ಮೊದಲು. ಅವರ ಕಣ್ಣಿನಲ್ಲಿ ಮಿಂಚಿದ ಕಾಂತಿಯನ್ನು ಅವರ ಹೆಂಡತಿ ಗುರುತಿಸಿದರೆಂದೂ, ಮುಂದೆ ಒದಗಲಿರುವುದನ್ನೆಲ್ಲ ಆ ಕ್ಷಣದಲ್ಲಿಯೇ ಊಹಿಸಿದರೆಂದೂ ನನಗೆ ತೋರುತ್ತದೆ.

ಆ ಮೇಲೆ ನಡೆದದ್ದು ಆಡಳಿತಾತ್ಮಕ ಕಾರ್ಯ. ಕೋಲಿನೊಡನೆ ಬಂದಿದ್ದ ಸೂಚನಾಪುಸ್ತಕವನ್ನು ರಾಯರು ಸುತ್ತೋಲೆಯನ್ನು ಓದುವ ಕ್ರಮದಲ್ಲಿ, ಕೆಂಪು ಪೆನ್ಸಿಲಿನಿಂದ ಅಡಿಗೆರೆ ಎಳೆಯುತ್ತ ಆದ್ಯಂತವಾಗಿ ಓದಿದರು. ಮೂರು ಸಂಖ್ಯೆಗಳನ್ನು ಯಾವ ಅನುಕ್ರಮದಲ್ಲಿ ನಮೂದಿಸತಕ್ಕದ್ದೆಂಬ ಪ್ರಶ್ನೆ ಬಂದಾಗ ಅವರು ಅದನ್ನು ಸೇವಾಹಿರಿತನದ ಪಟ್ಟಿಯೆಂದೇ ಭಾವಿಸಿದರು. ಮಗ ಜ್ಯೇಷ್ಠನಾದುದರಿಂದ ಅವನ ಹೆಸರೇ ಮೊದಲು. ನಮ್ಮ ಬೆಳಗು ಅವನ ರಾತ್ರಿಯೆಂಬುದಾಗಲಿ, ಹದಿನೈದು ಗಂಟೆಗೂ ಮೀರಿದ ವಿಮಾನಪ್ರಯಾಣವಿಲ್ಲದೆ ಅವನು ತಂದೆಯ ಕೈಹಿಡಿದು ಎಬ್ಬಿಸಲಾರನೆಂಬುದಾಗಲಿ ಹಿರಿತನಕ್ಕೆ ಬಾಧಕವಲ್ಲ. ಎರಡನೆಯವಳು ಮಗಳು. ಮೂರನೆಯ ಸ್ಥಾನಕ್ಕೆ ಮಹಡಿಯ ಹುಡುಗನ ಹೆಸರನ್ನು ಹೆಂಡತಿ ಸೂಚಿಸಿದರು. ಹದಿನೆಂಟು ಮೆಟ್ಟಿಲು ಇಳಿದರೆ ಬಂದುಬಿಡುವ ಆ ಹುಡುಗನನ್ನು ರಾಯರು ಒಪ್ಪಲಿಲ್ಲ. 'ಬಾಡಿಗೆಯವನು. ಹನ್ನೊಂದು ತಿಂಗಳ ಕರಾರು. ಟೆಂಪೊರರಿ ಹ್ಯಾಂಡ್‌ನ ಹೇಗೆ ಹಾಕೋದು?' ಹಾಗಿದ್ದರೆ ಹಿರಿಯ ನಾಗರಿಕರ ಸಹಾಯವಾಣಿಯ 14567 ಹಾಕೋಣವೆಂದು ಮಗ ಫೋನಿನಲ್ಲಿ ಹೇಳಿದ. ಅದು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಎಂಬುದನ್ನು ತಿಳಿದು, ತಾವು ಬೀಳುವುದಾದರೆ ಕಚೇರಿಯ ವೇಳೆಯಲ್ಲಿಯೇ ಬೀಳಬೇಕಾಗುವುದೆಂಬ ಕಾರಣ ತೋರಿ ರಾಯರು ಅದನ್ನೂ ತಿರಸ್ಕರಿಸಿದರು. 112ಕ್ಕೆ ಕರೆ ಹೋದರೆ ಪೊಲೀಸರು ಬಂದಾರೆಂದು ಹೆಂಡತಿ ಹೆದರಿದರು. ಕೊನೆಗೆ ಮೂರನೆಯ ಸ್ಥಾನ ದೊರೆತದ್ದು ಹಾಸನದಲ್ಲಿರುವ ಷಡ್ಡಕರಿಗೆ. ಅವರಿಗೆ ಎಂಬತ್ತೆರಡು ವರ್ಷ, ಕಿವಿ ಮಂದ. ಹೆಂಡತಿಯ ಸಂಖ್ಯೆಯ ಪ್ರಸ್ತಾಪವೇ ಬರಲಿಲ್ಲ. ಸ್ಥಳೀಯ ಸಿಬ್ಬಂದಿಯನ್ನು ಪಟ್ಟಿಗೆ ಸೇರಿಸುವ ಪದ್ಧತಿ ಎಲ್ಲಿಯೂ ಇಲ್ಲ.

ಕೋಲನ್ನು ಹಿಡಿಯುವ ರೀತಿಯಲ್ಲಿಯೂ ರಾಯರಿಗೂ ಶಾಸ್ತ್ರಕ್ಕೂ ಭಿನ್ನಾಭಿಪ್ರಾಯ. ನೋವಿರುವ ಕಾಲು ಬಲಗಾಲಾದರೆ ಕೋಲು ಎಡಗೈಯಲ್ಲಿರತಕ್ಕದ್ದು, ಬಲಗಾಲೂ ಕೋಲೂ ಒಟ್ಟಿಗೆ ಮುಂದೆ ಹೋಗತಕ್ಕದ್ದು, ತೋಳನ್ನು ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರತಕ್ಕದ್ದು ಎಂದು ಫಿಸಿಯೋಥೆರಪಿಯ ಹುಡುಗಿ ಬಂದು ತಾಳ್ಮೆಯಿಂದ ಹೇಳಿಕೊಟ್ಟಳು. ರಾಯರು ತಲೆದೂಗಿ ಕೇಳಿ, ಅವಳು ಗೇಟು ದಾಟುತ್ತಿದ್ದಂತೆ ಕೋಲನ್ನು ಬಲಗೈಗೆ ವರ್ಗಾಯಿಸಿ, ಉದ್ದವನ್ನು ಎರಡು ತೂತು ಏರಿಸಿಕೊಂಡರು. ತಗ್ಗಿನ ಕೋಲು ಹಿಡಿದವನು ಬಾಗಿದಂತೆ ಕಾಣುತ್ತಾನೆ. ಎತ್ತರದ ಕೋಲು ಹಿಡಿದವನು ತಪಾಸಣೆಗೆ ಬಂದಂತೆ ಕಾಣುತ್ತಾನೆ.

ಮುಂದಿನ ದಿನಗಳಲ್ಲಿ ಆ ಗುಂಡಿ ಯಾವ ಯಾವ ಆಪತ್ತುಗಳಿಗೆ ಉಪಯೋಗವಾಯಿತೆಂಬುದನ್ನು ಪೂರ್ತಿಯಾಗಿ ಹೇಳುವುದು ಅಸಾಧ್ಯ. ಪತ್ರಿಕೆ ತಡವಾದಾಗ ಅದು ಮೊಳಗಿತು. ಎರಡನೆಯ ಕಾಫಿಗೆ ಮೊಳಗಿತು. ಗೇಟಿನ ಮುಂದೆ ಯಾರೋ ಸ್ಕೂಟರು ನಿಲ್ಲಿಸಿದ್ದಕ್ಕೆ, ಕನ್ನಡಕ ಕಾಣದಿದ್ದುದಕ್ಕೆ, ಕಂಡದ್ದಕ್ಕೆ ಕೂಡ ಮೊಳಗಿತು. ಹೆಂಡತಿಯಂತೂ ಮೊದಲ ಬಾರಿ ಓಡಿಬಂದರು, ಹಾಲು ಉಕ್ಕಿಹೋಯಿತು.

'ಏನಾಯ್ತೂಂದ್ರೆ?'

'ಏನೂ ಆಗಿಲ್ಲ. ಬರೋದಕ್ಕೆ ಎಷ್ಟು ಹೊತ್ತಾಗತ್ತೆ ಅಂತ ನೋಡಿದೆ. ಒಂದೂವರೆ ನಿಮಿಷ. ಇದು ಜಾಸ್ತಿ ಆಯ್ತು.'

ಎರಡನೆಯ ವಾರ ಅವರು ನಡೆದು ಬಂದರು. ಮೂರನೆಯ ವಾರ ಒಳಗಿನಿಂದಲೇ 'ಒಗ್ಗರಣೆ ಹಾಕ್ತಿದೀನಿ' ಎಂದು ಉತ್ತರ ಕೊಟ್ಟರು. ಕ್ರಮೇಣ ಆ ಉತ್ತರವೂ ನಿಂತು, ಸೈರನ್ನಿನ ಸದ್ದು ಆ ಮನೆಯಲ್ಲಿ ಕುಕ್ಕರಿನ ಸೀಟಿಗಿಂತ ಕಡಿಮೆ ಗೌರವದ ಧ್ವನಿಯಾಯಿತು; ಕುಕ್ಕರಿನದಾದರೆ ಎಣಿಸಬೇಕು. ನ್ಯೂಜೆರ್ಸಿಯ ಮಗನಂತೂ ನಡುರಾತ್ರಿಯಲ್ಲಿ ತತ್ತರಿಸಿ ಎದ್ದು ಕರೆ ತೆಗೆದರೆ ಅಲ್ಲಿ ಕೇಳುತ್ತಿದ್ದದ್ದು, ತೆಂಗಿನಕಾಯಿಯವನೊಡನೆ ತಂದೆ ನಡೆಸುತ್ತಿದ್ದ ಚೌಕಾಸಿ.

ರಾಯರು ಒತ್ತದೆಯೂ ಕೋಲು ಕೂಗುತ್ತಿತ್ತು. ಅದರೊಳಗೆ ಚಲನೆಯ ವೇಗದಲ್ಲಾಗುವ ಬದಲಾವಣೆಯನ್ನು ಅಳೆಯುವ ಒಂದು ಸೂಕ್ಷ್ಮಯಂತ್ರವುಂಟು: ಕ್ಷಣಕಾಲ ತೂಕವಿಲ್ಲದಂತಾಗಿ, ತಟ್ಟನೆ ಪೆಟ್ಟು ತಗುಲಿ, ಬಳಿಕ ಅಲುಗಾಟವೇ ಇಲ್ಲದಿದ್ದರೆ, ಮನುಷ್ಯ ಬಿದ್ದನೆಂದು ಅದು ತೀರ್ಮಾನಿಸುತ್ತದೆ. ಆದರೆ ಇವೆಲ್ಲವೂ ಕೋಲಿಗೆ ಆಗುವಂಥವು. ಮನುಷ್ಯನಿಗೇನಾಯಿತೆಂಬುದು ಅದಕ್ಕೆ ತಿಳಿಯುವುದು ಹೇಗೆ? ಗಣಪತಿ ಹಬ್ಬದ ಸಂಗೀತ ಕಚೇರಿಯೊಂದರಲ್ಲಿ, ವಿದ್ವಾಂಸರು ತೋಡಿಯನ್ನು ಮಂದ್ರದಿಂದ ಮೆಲ್ಲಮೆಲ್ಲನೆ ಮೇಲೇರಿಸಿ ತಾರಷಡ್ಜದ ಮೇಲೆ ನಿಲ್ಲಿಸಿ, ಸಭೆಯೆಲ್ಲ ಉಸಿರು ಬಿಗಿಹಿಡಿದಿದ್ದ ಸಮಯದಲ್ಲಿ, ಕುರ್ಚಿಗೆ ಒರಗಿಸಿದ್ದ ಕೋಲು ಜಾರಿ ಬಿದ್ದು, ತನ್ನ ಯಜಮಾನರು ಬಿದ್ದರೆಂದು ಸಾರಿತು. ಅದನ್ನು ನಿಲ್ಲಿಸುವ ವಿಧಾನ ಪುಸ್ತಕದ ಯಾವ ಪುಟದಲ್ಲಿದೆಯೆಂಬುದು ರಾಯರಿಗೆ ಗೊತ್ತಿತ್ತು, ಪುಸ್ತಕ ಮನೆಯಲ್ಲಿತ್ತು. ವಿದ್ವಾಂಸರು ದೊಡ್ಡ ಮನಸ್ಸಿನವರು. ಸೈರನ್ ಮುಗಿಯುವವರೆಗೆ ಕಣ್ಣುಮುಚ್ಚಿ ಕುಳಿತಿದ್ದು, ಅದು ಅರ್ಧ ಶ್ರುತಿ ಮೇಲಿದೆಯೆಂದಷ್ಟೇ ಹೇಳಿ ಮುಂದುವರಿಸಿದರು.

ಇಷ್ಟೆಲ್ಲ ಹೇಳಿದೆನೆಂದು ಆ ಸಾಧನದ ತತ್ತ್ವ ರಾಯರಿಗೆ ತಿಳಿಯದೆಂದು ಯಾರೂ ಎಣಿಸಕೂಡದು. ಕುಕ್ಕರಹಳ್ಳಿ ಕೆರೆಯ ಬೆಂಚಿನ ಮೇಲೆ ಬೆಳಗಿನ ವೇಳೆ ಸೇರುವ ಪಿಂಚಣಿದಾರರ ಸಭೆಯಲ್ಲಿ, ಒಬ್ಬರ ಬೀಟೆಯ ಬೆತ್ತವನ್ನೂ ಇನ್ನೊಬ್ಬರ ನಾಲ್ಕು ಪಾದದ ಕೋಲನ್ನೂ ಕನಿಕರದಿಂದ ನೋಡಿ, ಅವರು ಮಾಡುತ್ತಿದ್ದ ಉಪನ್ಯಾಸವನ್ನು ಕೇಳಿದವರು ಬಲ್ಲರು. ಈ ಗುಂಡಿಯ ಮೂಲಪುರುಷರಲ್ಲೊಬ್ಬನು ಅಮೆರಿಕದ ಬಾಸ್ಟನ್ನಿನ ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಡಿಬ್ನರನೆಂದೂ, 1974ರಲ್ಲಿ ಅವನು ಪ್ರಾರಂಭಿಸಿದ ಸಂಸ್ಥೆಯೇ ಆ ದೇಶದ ಮುದುಕರಿಗೆ ಗುಂಡಿ ಒತ್ತಿ ನೆರವು ಕರೆಯುವ ರೂಢಿ ಮಾಡಿಸಿತೆಂದೂ, ಆ ಗುಂಡಿ ಕೋಲಿನೊಳಗೆ ಸೇರಿದ್ದು ಈಚೆಗೆಂದೂ ಅವರು ವಿವರಿಸುತ್ತಿದ್ದರು. ಅರುವತ್ತೈದು ದಾಟಿದವರಲ್ಲಿ ಸುಮಾರು ಮೂವರಲ್ಲೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದು ಹೇಳಿ, ಬೆಂಚಿನ ಮೇಲೆ ತಮ್ಮನ್ನು ಬಿಟ್ಟು ಉಳಿದ ಇಬ್ಬರ ಕಡೆಗೆ ಅರ್ಥಪೂರ್ಣವಾಗಿ ನೋಡುತ್ತಿದ್ದರು. 'ಈ ಗುಂಡಿ ಬೀಳೋದನ್ನ ತಪ್ಪಿಸೋದಿಲ್ಲ, ತಿಳ್ಕೊಳಿ. ಬಿದ್ದು ನೆಲದ ಮೇಲೇ ಇರ್ತೀವಲ್ಲ, ಆ ಹೊತ್ತನ್ನ ಕಮ್ಮಿ ಮಾಡತ್ತೆ. ಗಂಟೆಗಟ್ಲೆ ಬಿದ್ದಿದ್ರೆ ಮೈ ತಣ್ಣಗಾಗತ್ತೆ, ನೀರಿಲ್ದೆ ಒಣಗತ್ತೆ, ಒತ್ತಿಕೊಂಡಿರೋ ಮಾಂಸಖಂಡ ಕೆಡತ್ತೆ, ಅದರಿಂದ ಕಿಡ್ನಿಗೆ ಪೆಟ್ಟು. ಬಿದ್ದ ಏಟಿಗಿಂತ ಬಿದ್ದಿರೋದೇ ಅಪಾಯ!' ಇಷ್ಟು ಸ್ಪಷ್ಟವಾಗಿ ವೈದ್ಯರೂ ಹೇಳಲಾರರು.

ಆದರೆ ರಾಯರು ಬಿದ್ದದ್ದು ಬಚ್ಚಲಲ್ಲಿ. ಬೆಳಗಿನ ಜಾವ ಐದೂವರೆ. ಹಾಸಿಗೆಯಿಂದ ಥಟ್ಟನೆ ಎದ್ದಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುವುದುಂಟು, ಒಂದು ನಿಮಿಷ ಕುಳಿತಿದ್ದು ಏಳಬೇಕು ಎಂಬುದನ್ನು ಇತರರಿಗೆ ಬೋಧಿಸಿದ್ದ ಅವರು ಥಟ್ಟನೆ ಎದ್ದರು, ಬಚ್ಚಲಿನ ಬಾಗಿಲವರೆಗೆ ಹೋದರು, ನೀರು ತಗುಲಿದರೆ ವಾರಂಟಿ ಹೋಗುವುದೆಂದು ಪುಸ್ತಕದಲ್ಲಿ ತಾವೇ ಅಡಿಗೆರೆ ಎಳೆದಿದ್ದುದರಿಂದ ಕೋಲನ್ನು ಹೊರಗೆ ಗೋಡೆಗೆ ಒರಗಿಸಿದರು, ಒಳಗೆ ಕಾಲಿಟ್ಟರು, ಜಾರಿದರು. ತನ್ನ ಯಜಮಾನರು ನಿಜವಾಗಿ ಬಿದ್ದ ಆ ಏಕೈಕ ಸಂದರ್ಭದಲ್ಲಿ ಕೋಲು ಗೋಡೆಗೆ ಒರಗಿ, ನೆಟ್ಟಗೆ, ನಿಶ್ಶಬ್ದವಾಗಿ ನಿಂತಿತ್ತು. ಅದರ ಲೆಕ್ಕದಲ್ಲಿ ಏನೂ ನಡೆದಿರಲಿಲ್ಲ.

ಹೆಂಡತಿಗೆ ಎಚ್ಚರವಾಯಿತು. 'ಏನೂಂದ್ರೆ ಅದು ಸದ್ದು?'

ಒಳಗಿನಿಂದ, ಸ್ವಲ್ಪ ತಡೆದು, ಗಂಭೀರವಾದ ಧ್ವನಿ: 'ಏನಿಲ್ಲ. ಚೊಂಬು ಬಿತ್ತು.'

'ಚೊಂಬು ಅಡಿಗೆಮನೇಲಿದೆ.'

ಉತ್ತರವಿಲ್ಲ. ಇಲ್ಲಿ ನಾನು ರಾಯರ ಪರವಾಗಿ ಒಂದು ಮಾತು ಹೇಳಲೇಬೇಕು. ಮೂವತ್ತಮೂರು ವರ್ಷ ಗಂಟೆ ತಟ್ಟಿದವರಿಗೆ, ಇನ್ನೊಬ್ಬರಿಗೆ ಕೆಲಸ ಹೇಳುವುದಕ್ಕಾಗಿ ಗಂಟೆ ತಟ್ಟಿ ಅಭ್ಯಾಸವೇ ಹೊರತು, ತಮ್ಮಿಂದ ಏಳಲಾಗದೆಂದು ತಿಳಿಸುವುದಕ್ಕಾಗಿ ತಟ್ಟಿ ಅಭ್ಯಾಸವಿಲ್ಲ. ಕೋಲು ಕೈಯಲ್ಲಿಯೇ ಇದ್ದಿದ್ದರೂ ಅವರು ಅದನ್ನು ಒತ್ತುತ್ತಿದ್ದರೆಂದು ನನಗೆ ನಂಬಿಕೆಯಿಲ್ಲ. ಅವರ ಹೆಂಡತಿಗೂ ಇರಲಿಲ್ಲವೆಂದು ಕಾಣುತ್ತದೆ. ಆಕೆ ಬಾಗಿಲನ್ನು ತಳ್ಳಿ ನೋಡಿ, ಎತ್ತುವುದು ತಮ್ಮೊಬ್ಬರಿಂದಾಗದೆಂದು ಕಂಡು, ಕೋಲನ್ನು ತೆಗೆದುಕೊಂಡು ತಾವೇ ಗುಂಡಿಯನ್ನು ಒತ್ತಿದರು. ಸೈರನ್ ಮೊಳಗಿತು. ಮಹಡಿಯ ಹುಡುಗ ಮಗ್ಗುಲು ಬದಲಾಯಿಸಿ ಮಲಗಿದ. ಆಗ ಆಕೆ ಕೋಲನ್ನು ಕೆಳಗಿಟ್ಟು, ಅಂಗಳಕ್ಕೆ ಹೋಗಿ, ಮೆಟ್ಟಿಲಿನ ಕಬ್ಬಿಣದ ಕಂಬಿಯನ್ನು ಸಾರಿನ ಸೌಟಿನಿಂದ ಬಾರಿಸಿದರು. ಹುಡುಗ ಹದಿನೆಂಟು ಮೆಟ್ಟಿಲನ್ನು ಆರು ಹೆಜ್ಜೆಯಲ್ಲಿ ಇಳಿದ.

ಮೂಳೆಗೆ ಏನೂ ಆಗಿರಲಿಲ್ಲ. ಸೊಂಟದ ಮೇಲೊಂದು ನೀಲಿಯ ಗುರುತು, ಅಷ್ಟೆ. ರಾಯರನ್ನು ಕುರ್ಚಿಯಲ್ಲಿ ಕೂರಿಸಿ ಮುಲಾಮು ಹಚ್ಚುತ್ತಿರುವಾಗ ನ್ಯೂಜೆರ್ಸಿಯಿಂದ ಕರೆ ಬಂತು. ಅಲ್ಲಿ ಆಗ ಹಿಂದಿನ ದಿನದ ರಾತ್ರಿ ಎಂಟು ಗಂಟೆ.

'ಅಪ್ಪ, ಅಲಾರಂ ಬಂತು. ಏನಾಯ್ತು?'

'ಮಂತ್ಲಿ ಟೆಸ್ಟಿಂಗು,' ಎಂದರು ರಾಯರು. 'ಸರಿಯಾಗಿದೆ.'

ಆದರೂ ಪಟ್ಟಿಗೆ ತಿದ್ದುಪಡಿಯಾಯಿತು. ಷಡ್ಡಕರ ಹೆಸರು ಹೋಗಿ ಅಲ್ಲಿ ಮಹಡಿಯ ಹುಡುಗನ ಹೆಸರು ಬಂತು, ತಾತ್ಕಾಲಿಕವಾಗಿ, ಮುಂದಿನ ಆದೇಶದವರೆಗೆ. ಬಚ್ಚಲಿನ ಗೋಡೆಗೆ ಒಂದು ಸ್ಟೀಲಿನ ಹಿಡಿಕಂಬಿ, ನೆಲಕ್ಕೊಂದು ರಬ್ಬರಿನ ಚಾಪೆ ಬಂದವು. ಇವೆರಡಕ್ಕೂ ಸಿಮ್ ಕಾರ್ಡಿಲ್ಲದ ಕಾರಣ ರಾಯರಿಗೆ ಅವುಗಳಲ್ಲಿ ಆಸಕ್ತಿಯಿಲ್ಲ. ಚೊಂಬಿನ ಸಂಗತಿ ಅಮ್ಮನ ಬಾಯಿಂದ ಹೇಗೋ ಮಗನಿಗೆ ತಿಳಿದು, ಅವನು ಗಾಬರಿಯಾಗಿ ಆಕೆಗೂ ಅಂಥದೇ ಇನ್ನೊಂದು ಕೋಲನ್ನು ಕಳುಹಿಸಿದ. ಅದರಲ್ಲಿ ಅವನದೊಂದೇ ಸಂಖ್ಯೆ. ಆಕೆಯ ಮೊಣಕಾಲು ಇನ್ನೂ ಗಟ್ಟಿ. ಕೋಲಿಗೆ ಬೇರೇನೂ ಉಪಯೋಗ ಕಾಣದೆ ಆಕೆ ಅದನ್ನು ಹಿತ್ತಲಲ್ಲಿಟ್ಟುಕೊಂಡು, ಬೆಳಿಗ್ಗೆ ಪೂಜೆಗೆ ಹೂ ಬಿಡಿಸುವಾಗ ಹಿಡಿಯನ್ನು ದಾಸವಾಳದ ಕೊಂಬೆಗೆ ಸಿಕ್ಕಿಸಿ ಬಗ್ಗಿಸುತ್ತಾರೆ. ಬಗ್ಗಿಸುವ ರಭಸಕ್ಕೆ ಕೆಂಪು ಗುಂಡಿ ಕೊಂಬೆಯ ನಡುವೆ ಸಿಕ್ಕಿ ಒತ್ತಿಹೋಗುತ್ತದೆ. ದಿನವೂ ಆರೂವರೆಗೆ, ತಪ್ಪದೆ. ಸೈರನ್ನಿನ ಬಾಯಿಗೆ ಆಕೆ ಹಳೆಯ ಚಿಂದಿ ಸುತ್ತಿದ್ದಾರೆ. ಫೋನಿನ ಸಂಗತಿ ಮರೆತಿದ್ದಾರೆ. ನ್ಯೂಜೆರ್ಸಿಯಲ್ಲಿ ಊಟಕ್ಕೆ ಕುಳಿತ ಮಗನ ಫೋನು ಆಗ ಬಡಿದುಕೊಳ್ಳುತ್ತದೆ. ಮೊದಮೊದಲು ಕೈತುತ್ತನ್ನು ಬಿಟ್ಟು ಏಳುತ್ತಿದ್ದವನು ಈಗ ಏಳುವುದಿಲ್ಲ. 'ಅಮ್ಮ ಹೂ ಕೀಳ್ತಿದಾಳೆ' ಎಂದು ಹೆಂಡತಿಗೆ ಹೇಳಿ, ಇನ್ನೊಂದಿಷ್ಟು ಸಾರು ಬಡಿಸಿಕೊಳ್ಳುತ್ತಾನೆ. ಗಂಟೆ ಒಂಬತ್ತಾದರೂ ಕರೆ ಬಾರದಿದ್ದರೆ ಮಾತ್ರ ಅವನು ಮೈಸೂರಿಗೆ ಫೋನು ಮಾಡುತ್ತಾನೆ. ಅದನ್ನು ರಾಯರು ಎತ್ತಿ, ಈ ದಿನ ಮಳೆ, ನಿಮ್ಮಮ್ಮ ಹೂ ಕೊಂಡುಕೊಂಡಳು, ಅಂದ ಹಾಗೆ ನನ್ನ ಕೋಲಿನ ಸೈರನ್ನಿನ ಸದ್ದು ಇನ್ನೂ ಸ್ವಲ್ಪ ಜೋರು ಮಾಡಿಸೋಕಾಗತ್ತಾ ಕೇಳಿ ನೋಡು, ಎನ್ನುತ್ತಾರೆ.